ಸರ್ವಿಸ್‌ನಲ್ಲಿ ಏನು ಕೆಲಸ ಮಾಡ್ತಿದ್ರಿ? – ಮಾಜಿ ಸೈನಿಕರ ಕಿವಿ ಕೆಳಗಿನ ಗಂಟಿನ ಬಗ್ಗೆ

(ಮಾಜಿ ಸೈನಿಕರು ಮತ್ತು ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಕಿವಿ-ಮೂಗು-ಗಂಟಲು ವೈದ್ಯೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಮೊದಲು ಒಂದು ಸಣ್ಣ ಕೆಲಸ ಮಾಡೋಣ. ನಿಮ್ಮ ಎರಡು ಬೆರಳನ್ನು ಕಿವಿಯ ಕೆಳಗೆ, ಓಲೆ ಹಾಕುವ ಜಾಗದ ಸ್ವಲ್ಪ ಕೆಳಕ್ಕೆ ಇಡಿ. ದವಡೆ ಮೂಳೆಯ ಮೂಲೆ ಸಿಗುತ್ತದೆ ಅಲ್ವಾ? ಈಗ ಹಲ್ಲು ಕಚ್ಚಿ. ಬೆರಳಡಿ ಗಟ್ಟಿಯಾಗಿ ಉಬ್ಬಿದ್ದು ಅಗಿಯುವ ಸ್ನಾಯು. ಹಲ್ಲು ಸಡಿಲ ಬಿಡಿ. ಆ ಸ್ನಾಯುವಿನ ಮೇಲೆ, ಕಿವಿಯ ಮುಂದೆ ಮತ್ತು ಕೆಳಗೆ, ಮೆತ್ತಗೆ ಹರಡಿಕೊಂಡಿರುವುದೇ ಪೆರೋಟಿಡ್ ಗ್ರಂಥಿ. ಮಕ್ಕಳಿಗೆ ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ ಜಾಗ. ಇನ್ನೊಂದು ಕಡೆಯೂ ಹೀಗೇ ಮುಟ್ಟಿ ನೋಡಿ. ಎರಡೂ ಕಡೆ ಒಂದೇ ಥರ ಇದ್ದರೆ ಸಂತೋಷ. ಒಂದು ಕಡೆ ಗೋಲಿಯಷ್ಟೋ ನೆಲ್ಲಿಕಾಯಿಯಷ್ಟೋ ಏನಾದರೂ ಸಿಕ್ಕಿದರೆ ಗಾಬರಿ ಬೇಡ. ಸಭೆ ಮುಗಿದ ಮೇಲೆ ನನ್ನ ಹತ್ತಿರ ಬನ್ನಿ.

ನಮ್ಮ ಬಾಯಿಗೆ ಜೊಲ್ಲು ಒದಗಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಕಿವಿಯ ಹತ್ತಿರ ಒಂದು ಜೊತೆ, ದವಡೆಯ ಕೆಳಗೆ ಒಂದು ಜೊತೆ, ನಾಲಿಗೆಯ ಅಡಿಯಲ್ಲಿ ಒಂದು ಜೊತೆ. ಇವಲ್ಲದೆ ತುಟಿ, ಅಂಗುಳು, ಕೆನ್ನೆಯ ಒಳಗೆ ಎಳ್ಳಿನಷ್ಟು ಚಿಕ್ಕವು 600ರಿಂದ 1,000ದವರೆಗೆ ಇರುತ್ತವೆ. ಇವುಗಳಲ್ಲಿ ಎಲ್ಲಿ ಬೇಕಾದರೂ ಗಡ್ಡೆ ಬೆಳೆಯಬಹುದು. ಆದರೆ 100 ಗಡ್ಡೆಗಳಲ್ಲಿ ಸುಮಾರು 80 ಬರುವುದು ಕಿವಿಯ ಹತ್ತಿರದ ಪೆರೋಟಿಡ್‌ನಲ್ಲೇ. ಅಲ್ಲಿ ಬಂದವುಗಳಲ್ಲೂ 100ಕ್ಕೆ ಸುಮಾರು 80 ಕ್ಯಾನ್ಸರ್ ಅಲ್ಲ. ಗ್ರಂಥಿ ಚಿಕ್ಕದಾದಷ್ಟೂ ಲೆಕ್ಕ ತಿರುಗುತ್ತದೆ. ದವಡೆ ಕೆಳಗಿನ ಗ್ರಂಥಿಯಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಕ್ಯಾನ್ಸರ್. ನಾಲಿಗೆ ಅಡಿಯದರಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಗಂಟು ಎಲ್ಲಿದೆ ಅನ್ನುವುದೇ ನಮಗೆ ಅರ್ಧ ವಿಷಯ ಹೇಳಿಬಿಡುತ್ತದೆ.

ಉಳಿದ ಅರ್ಧ ವಿಷಯ ಇರುವುದು ಆ ಮನುಷ್ಯ ಬದುಕಿದ ರೀತಿಯಲ್ಲಿ. ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ನನ್ನ ಹತ್ತಿರ ಬಂದಿದ್ದ ಒಬ್ಬ ಸುಬೇದಾರರ ವಿಷಯ ಹೇಳುತ್ತೇನೆ. ಹೆಸರು ಬೇಡ. ನಿವೃತ್ತಿಯಾಗಿ ಹದಿನೈದು ವರ್ಷ ದಾಟಿತ್ತು. ಎಡಗಿವಿಯ ಕೆಳಗೆ ಗಂಟು. ಅದು ಮೊದಲು ಗೊತ್ತಾಗಿದ್ದು ಅವರ ರೇಜರ್‌ಗೆ. ಸೈನ್ಯದಲ್ಲಿದ್ದವರು ನಿವೃತ್ತಿಯಾದ ಮೇಲೂ ದಿನಾ ಬೆಳಿಗ್ಗೆ ಗಡ್ಡ ಕೆರೆಯುವುದನ್ನು ಬಿಡುವುದಿಲ್ಲ. ಒಂದು ದಿನ ದವಡೆಯ ಮೂಲೆಯಲ್ಲಿ ಬ್ಲೇಡ್ ಎಡವಿತು. ಮಾರನೇ ದಿನವೂ ಅಲ್ಲೇ ಎಡವಿತು. ನೋವಿಲ್ಲ, ಏನಿಲ್ಲ. ಇರಲಿ ಅಂತ ಎರಡು ವರ್ಷ ಸುಮ್ಮನಿದ್ದರು. ಆಮೇಲೆ ಒಂದು ಕಡೆ ತೋರಿಸಿದಾಗ ಕ್ಷಯದ ಗಂಟು ಇರಬೇಕು ಅಂತ ಹೇಳಿ, ಸೂಜಿ ಪರೀಕ್ಷೆ ಕೂಡ ಮಾಡದೆ ಮಾತ್ರೆ ಶುರು ಮಾಡಿದ್ದರು. ಮಾತ್ರೆ ಮುಗಿಯಿತು. ಗಂಟು ಇದ್ದಲ್ಲೇ ಇತ್ತು.

ನಾನು ಮುಟ್ಟಿ ನೋಡಿದೆ. ಚೆನ್ನಾಗಿ ನಾದಿದ ಹಿಟ್ಟಿನ ಹಾಗೆ ಮೆತ್ತಗಿತ್ತು. ಬೆರಳಿಗೆ ಸಿಕ್ಕಿ ಅತ್ತಿತ್ತ ಜಾರುತ್ತಿತ್ತು. ಬಲಗಡೆ ನೋಡಿದರೆ ಅಲ್ಲೂ ಒಂದು, ಕಡಲೆಬೀಜದಷ್ಟು. ಅದು ಅವರಿಗೇ ಗೊತ್ತಿರಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಸಿದೆ, ಹಲ್ಲು ತೋರಿಸಲು ಹೇಳಿದೆ, ಶಿಳ್ಳೆ ಹಾಕಿಸಿದೆ. ಮುಖ ಎಲ್ಲೂ ಸೊಟ್ಟಗಾಗಲಿಲ್ಲ. ಆಮೇಲೆ ಕೇಳಿದೆ: "ಸುಬೇದಾರ್ ಸಾಹೇಬ್ರೇ, ಸರ್ವಿಸ್‌ನಲ್ಲಿ ಏನು ಕೆಲಸ ಮಾಡ್ತಿದ್ರಿ?"

ಅವರು ನನ್ನ ಮುಖ ನೋಡಿದರು. "ಇಷ್ಟು ವರ್ಷ ಆಸ್ಪತ್ರೆ ತಿರುಗಿದೀನಿ ಮೇಡಂ, ಯಾರೂ ಇದನ್ನ ಕೇಳಿಲ್ಲ" ಅಂದರು. ಲಾರಿ ಓಡಿಸುತ್ತಿದ್ದರಂತೆ. ಬೆಟ್ಟದ ರಸ್ತೆ, ಚಳಿ, ರಾತ್ರಿ ಪಯಣ. ನಿದ್ದೆ ಬರಬಾರದು ಅಂತ ಸಿಗರೇಟ್. ಹತ್ತೊಂಬತ್ತನೇ ವಯಸ್ಸಿಗೆ ಶುರು, ಇವತ್ತಿಗೂ ಇದೆ. ಸೂಜಿ ಹಾಕಿ ಎಳೆದಾಗ ಸಿರಿಂಜಿಗೆ ಕಂದು ಬಣ್ಣದ ಮಂದ ನೀರು ಬಂತು. ಅದನ್ನು ನೋಡಿ ಅವರೇ ಹೇಳಿದರು: "ಗಾಡಿಯಿಂದ ಇಳಿಸಿದ ಹಳೇ ಆಯಿಲ್ ಇದ್ದ ಹಾಗೇ ಇದೆಯಲ್ಲ ಮೇಡಂ." ಪೆಥಾಲಜಿ ಓದುವ ಹುಡುಗರಿಗೆ ಅವರ ಮೇಷ್ಟ್ರು ಹೇಳಿಕೊಡುವ ಹೋಲಿಕೆಯೂ ಅದೇ. ಬಳಸಿದ ಎಂಜಿನ್ ಆಯಿಲ್.

ಆ ಗಂಟಿನ ಹೆಸರು ವಾರ್ಥಿನ್ ಗಡ್ಡೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದ್ದ ಆಲ್ಡ್ರೆಡ್ ಸ್ಕಾಟ್ ವಾರ್ಥಿನ್ ಎಂಬ ಪೆಥಾಲಜಿ ತಜ್ಞರು 1929ರಲ್ಲಿ ಇಂಥ ಎರಡು ಗಡ್ಡೆಗಳನ್ನು ವಿವರಿಸಿ ಬರೆದರು. ಅದಕ್ಕೂ ಮುಂಚೆ ಜರ್ಮನಿಯವರು ಕಂಡಿದ್ದರು, ಆದರೆ ಹೆಸರು ನಿಂತಿದ್ದು ಇವರದು. ಇದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಆಗಿ ತಿರುಗುವುದು ಬಲು ಅಪರೂಪ. ಬರುವುದು ಹೆಚ್ಚುಕಮ್ಮಿ ಪೆರೋಟಿಡ್‌ನಲ್ಲಿ ಮಾತ್ರ, ಅದರಲ್ಲೂ ಕೆಳಗಿನ ಬಾಲದ ಭಾಗದಲ್ಲಿ. ಹತ್ತರಲ್ಲಿ ಒಬ್ಬರಿಗೆ ಎರಡೂ ಕಡೆ ಬರುತ್ತದೆ.

ಅದ್ಯಾಕೆ ಪೆರೋಟಿಡ್‌ನಲ್ಲೇ? ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ, ಮುಂದೆ ಇದು ಬೇಕಾಗುತ್ತದೆ. ನಾವು ತಾಯಿಯ ಹೊಟ್ಟೆಯಲ್ಲಿರುವಾಗ ಉಳಿದ ಜೊಲ್ಲು ಗ್ರಂಥಿಗಳು ಬೇಗ ತಮ್ಮ ಸುತ್ತ ಬೇಲಿ ಕಟ್ಟಿಕೊಳ್ಳುತ್ತವೆ. ಪೆರೋಟಿಡ್ ಮಾತ್ರ ತಡ ಮಾಡುತ್ತದೆ. ಅಷ್ಟರಲ್ಲಿ ಅಕ್ಕಪಕ್ಕದ ಹಾಲ್ಗಂಟುಗಳು, ಅಂದರೆ ಸೋಂಕು ಬಂದಾಗ ಕುತ್ತಿಗೆಯಲ್ಲಿ ಊದುತ್ತವಲ್ಲ, ಅವು, ಬೇಲಿಯ ಒಳಗೇ ಸಿಕ್ಕಿಕೊಂಡುಬಿಡುತ್ತವೆ. ಆ ಗಂಟುಗಳ ಒಳಗೆ ಜೊಲ್ಲು ನಾಳದ ಚೂರುಗಳು ಉಳಿದಿರುತ್ತವೆ. ಎಷ್ಟೋ ವರ್ಷ ಆದಮೇಲೆ ಆ ಚೂರುಗಳು ಬೆಳೆದು ವಾರ್ಥಿನ್ ಗಡ್ಡೆ ಆಗುತ್ತದೆ ಅನ್ನುವುದು ಬಹಳ ಜನ ಒಪ್ಪಿರುವ ವಿವರಣೆ.

ಬೆಳೆಸುವುದು ಯಾವುದು? ಹೊಗೆ. ಸೇದದವರಿಗೆ ಹೋಲಿಸಿದರೆ ಸೇದುವವರಿಗೆ ಈ ಗಡ್ಡೆ ಬರುವ ಸಂಭವ ಸುಮಾರು ಎಂಟು ಪಟ್ಟು ಜಾಸ್ತಿ. 1950ರ ಹೊತ್ತಿಗೆ ಇದು ಗಂಡಸರ ಗಡ್ಡೆ ಎಂದೇ ಹೆಸರಾಗಿತ್ತು. ಹತ್ತು ಗಂಡಸರಿಗೆ ಒಬ್ಬ ಹೆಂಗಸು ಎನ್ನುವ ಲೆಕ್ಕ. ಆಮೇಲೆ ಪಾಶ್ಚಾತ್ಯ ದೇಶಗಳಲ್ಲಿ ಹೆಂಗಸರೂ ಸೇದಲು ಶುರು ಮಾಡಿದರು. ಕೆಲವು ದಶಕಗಳಲ್ಲಿ ಆ ಅಂತರ ಕರಗುತ್ತಾ ಬಂತು. ಗಂಡಸು ಹೆಂಗಸು ಅನ್ನುವುದಕ್ಕಿಂತ ಸಿಗರೇಟೇ ಮುಖ್ಯ ಅಂತ ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಕ್ಷಿ ಬೇಕೇ?

ಈಗ ಸೈನಿಕರ ವಿಷಯಕ್ಕೆ ಬರುತ್ತೇನೆ. ನಾನು ಇವತ್ತು ಕೊಡುವ ಲೆಕ್ಕಗಳು ಹೆಚ್ಚಿನವು ಅಮೆರಿಕದವು. ಕಾರಣ ಇದೆ. ಅಲ್ಲಿ ಮಾಜಿ ಸೈನಿಕರಿಗೆ ಅಂತಲೇ ಒಂದು ದೊಡ್ಡ ಆಸ್ಪತ್ರೆ ಜಾಲ ಇದೆ, ವಿಎ ಅಂತಾರೆ. ಸುಮಾರು 90 ಲಕ್ಷ ಜನ ಅದರಲ್ಲಿ ಹೆಸರು ಬರೆಸಿದ್ದಾರೆ. ಯಾರಿಗೆ ಯಾವ ಗಡ್ಡೆ ಬಂತು ಅಂತ ಕೂತು ಎಣಿಸಬಹುದು. ಹಾಗೆ ಎಣಿಸಿದಾಗ ಒಂದು ವಿಷಯ ಎದ್ದು ಕಾಣುತ್ತದೆ. ಸಾಮಾನ್ಯ ಆಸ್ಪತ್ರೆಗಳಲ್ಲಿ ಪೆರೋಟಿಡ್ ಗಡ್ಡೆಗಳ ಪಟ್ಟಿಯಲ್ಲಿ ಮೊದಲು ಬರುವುದು ಪ್ಲಿಯೊಮಾರ್ಫಿಕ್ ಅಡಿನೋಮ ಎಂಬ ಗಟ್ಟಿ, ಉಬ್ಬುತಗ್ಗಿನ ಗಡ್ಡೆ. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ವಾರ್ಥಿನ್ ಪಾಲು ತುಂಬಾ ಜಾಸ್ತಿ.

ಇದನ್ನು ಕೇಳಿದ ಕೂಡಲೇ ಸೈನ್ಯಕ್ಕೆ ಸೇರಿದರೆ ಗಡ್ಡೆ ಬರುತ್ತದೆ ಅಂತ ಯಾರೂ ಹೊರಡಬಾರದು. ದನದ ಜಾತ್ರೆಗೆ ಹೋಗಿ ನಿಂತು, ಈ ಸೀಮೆಯಲ್ಲಿ ಮನುಷ್ಯರಿಗಿಂತ ಎತ್ತೇ ಜಾಸ್ತಿ ಅಂದ ಹಾಗಾಗುತ್ತದೆ. ವಿಎ ಆಸ್ಪತ್ರೆಗೆ ಬರುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಗಂಡಸರು. ವಯಸ್ಸಾದವರು ಜಾಸ್ತಿ. ಸೇದಿದವರು ಜಾಸ್ತಿ. ವಾರ್ಥಿನ್ ಗಡ್ಡೆಗೆ ಬೇಕಾದ್ದೆಲ್ಲ ಅಲ್ಲಿ ಒಟ್ಟಿಗೆ ಕೂಡಿ ಬಂದಿದೆ.

ಆದರೆ ಅಲ್ಲಿಗೆ ಮಾತು ಮುಗಿಸಿದರೆ ಅನ್ಯಾಯ. ಅವರು ಯಾಕೆ ಅಷ್ಟು ಸೇದಿದರು? ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕನಿಗೆ ಕೊಡುತ್ತಿದ್ದ ಊಟದ ಪೊಟ್ಟಣ ಬಿಚ್ಚಿದರೆ ಬಿಸ್ಕತ್ತು, ಡಬ್ಬಿ ಮಾಂಸ, ಕಾಫಿ ಪುಡಿಯ ಜೊತೆ ಸಿಗರೇಟ್ ಇರುತ್ತಿತ್ತು. ಒಂದು ಊಟಕ್ಕೆ 4 ಸಿಗರೇಟ್. ದಿನಕ್ಕೆ ಮೂರು ಊಟ. ಲೆಕ್ಕ ನೀವೇ ಹಾಕಿ. ವಿಯೆಟ್ನಾಂ ಕಾಡಿನಲ್ಲೂ ಅದೇ ಪದ್ಧತಿ. ಊಟದ ಪೊಟ್ಟಣದಿಂದ ಸಿಗರೇಟ್ ಹೊರಗೆ ಹೋಗಿದ್ದು 1975ರಲ್ಲಿ. ಹದಿನೆಂಟು, ಹತ್ತೊಂಬತ್ತರ ಹುಡುಗ. ಮನೆಯಿಂದ ಸಾವಿರಾರು ಮೈಲಿ ದೂರ. ತಲೆ ಮೇಲೆ ಗುಂಡು. ಸರ್ಕಾರವೇ ಕೈಗೆ ಕೊಟ್ಟ ಸಿಗರೇಟ್. ಅವನು ಸೇದದೆ ಇರುತ್ತಾನಾ? ನಲವತ್ತು ವರ್ಷ ಆದಮೇಲೆ ಕಿವಿಯ ಕೆಳಗೆ ಗಂಟು ಬಂದಾಗ, ನಿನ್ನ ಚಟದಿಂದ ಬಂತು ಅಂತ ಅವನ ತಲೆಗೆ ಕಟ್ಟುವುದು ನನಗೆ ಸರಿ ಕಾಣುವುದಿಲ್ಲ.

ಇನ್ನೊಂದು ಕಾರಣಕ್ಕೂ ಸೈನಿಕರಲ್ಲಿ ಈ ಗಡ್ಡೆ ಜಾಸ್ತಿ ಸಿಗುತ್ತದೆ. ಸೇದಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಭಯ. ಅದಕ್ಕೆ ಪೆಟ್ ಸ್ಕ್ಯಾನ್ ಮಾಡುತ್ತಾರೆ. ಸಕ್ಕರೆ ಹೆಚ್ಚು ತಿನ್ನುವ ಜೀವಕೋಶ ಎಲ್ಲಿದ್ದರೂ ಆ ಸ್ಕ್ಯಾನ್‌ನಲ್ಲಿ ದೀಪದ ಹಾಗೆ ಹೊಳೆಯುತ್ತದೆ. ವಾರ್ಥಿನ್ ಗಡ್ಡೆ ಕ್ಯಾನ್ಸರ್ ಅಲ್ಲದಿದ್ದರೂ ಜೋರಾಗಿ ಹೊಳೆಯುತ್ತದೆ. ನೋಡಿದವರು ಶ್ವಾಸಕೋಶದ ಕ್ಯಾನ್ಸರ್ ಕಿವಿ ತನಕ ಹರಡಿದೆ ಅಂದುಕೊಳ್ಳುವ ಅಪಾಯ ಇದೆ. ಹರಡಿದೆ ಅಂದರೆ ಚಿಕಿತ್ಸೆಯ ದಾರಿಯೇ ಬೇರೆ. ಗುಣವಾಗುವ ಹಂತದಲ್ಲಿರುವವರನ್ನು ಕೈ ಮೀರಿದೆ ಅಂತ ಕಳಿಸಿಬಿಡಬಹುದು. ಆದ್ದರಿಂದ ನಿಮ್ಮ ಮನೆಯಲ್ಲಿ ಯಾರಿಗಾದರೂ ಪೆಟ್ ಸ್ಕ್ಯಾನ್ ವರದಿಯಲ್ಲಿ ಪೆರೋಟಿಡ್ ಹೆಸರು ಬಂದರೆ, ಸೂಜಿ ಪರೀಕ್ಷೆ ಆಯಿತಾ ಅಂತ ದಯವಿಟ್ಟು ಕೇಳಿ. ಒಂದು ಸಣ್ಣ ಸೂಜಿಯಿಂದ ತಿಳಿಯುವ ವಿಷಯ ಅದು.

ಹೊಗೆ ವಾರ್ಥಿನ್ ತರುತ್ತದೆ, ಸರಿ. ಜೊಲ್ಲು ಗ್ರಂಥಿಯ ಕ್ಯಾನ್ಸರ್‌ಗೂ ಸಿಗರೇಟಿಗೂ ಅಷ್ಟು ಸ್ಪಷ್ಟ ನಂಟು ಇಲ್ಲ. ಬಾಯಿಯ ಒಳಪದರದ ಕ್ಯಾನ್ಸರ್ ಬೇರೆ ವಿಷಯ. ಖೈನಿ, ಗುಟ್ಕಾ, ಬೀಡಿ ಕೊಲ್ಲುವುದು ಆ ದಾರಿಯಲ್ಲಿ. ಗ್ರಂಥಿಯ ಕ್ಯಾನ್ಸರ್ ತರುವುದು ಅಂತ ಖಚಿತವಾಗಿ ಗೊತ್ತಿರುವುದು ಮುಖ್ಯವಾಗಿ ಒಂದು. ವಿಕಿರಣ.

ಇಲ್ಲಿ ಸೈನಿಕರ ಚರಿತ್ರೆಯ ಒಂದು ಮರೆತ ಪುಟ ಇದೆ. ಜಲಾಂತರ್ಗಾಮಿಯಲ್ಲಿ ಕೆಲಸ ಮಾಡುವವರಿಗೆ, ವಿಮಾನದಲ್ಲಿ ಹಾರುವವರಿಗೆ ಕಿವಿ ಕಟ್ಟಿಕೊಳ್ಳುವ ತೊಂದರೆ ಜಾಸ್ತಿ. ಘಾಟಿ ಇಳಿಯುವಾಗ ನಮಗೂ ಆಗುತ್ತದಲ್ಲ, ಅದೇ, ಆದರೆ ಹತ್ತು ಪಟ್ಟು. ಕಿವಿಯನ್ನೂ ಗಂಟಲನ್ನೂ ಸೇರಿಸುವ ಸಣ್ಣ ಕೊಳವೆಯ ಬಾಯಿ ಮುಚ್ಚಿಕೊಂಡರೆ ಹಾಗಾಗುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವೈದ್ಯ ಸ್ಯಾಮ್ಯುಯೆಲ್ ಕ್ರೋವ್ ಇದಕ್ಕೊಂದು ಉಪಾಯ ಕಂಡುಹಿಡಿದಿದ್ದರು. ತೆಳ್ಳಗಿನ ಕಡ್ಡಿಯ ತುದಿಗೆ ಲೋಹದ ಪುಟ್ಟ ಗೂಡು, ಅದರೊಳಗೆ 50 ಮಿಲಿಗ್ರಾಂ ರೇಡಿಯಂ. ಅದನ್ನು ಮೂಗಿನ ಹೊಳ್ಳೆಯ ಮೂಲಕ ಹಿಂದಕ್ಕೆ ತಳ್ಳಿ ಕೆಲವು ನಿಮಿಷ ಹಾಗೇ ಇಡುವುದು. ಊದಿದ ಮಾಂಸ ಸುಟ್ಟು ಕುಗ್ಗುತ್ತದೆ, ಕೊಳವೆ ತೆರೆಯುತ್ತದೆ. ಎರಡು ವಾರಕ್ಕೊಮ್ಮೆ, ಮೂರು ನಾಲ್ಕು ಸಲ. ಕನೆಕ್ಟಿಕಟ್‌ನ ನ್ಯೂ ಲಂಡನ್‌ನಲ್ಲಿದ್ದ ಜಲಾಂತರ್ಗಾಮಿ ಶಾಲೆಯಲ್ಲಿ ಇದನ್ನು ಸಾಲಾಗಿ ನಿಲ್ಲಿಸಿ ಮಾಡಿದರು. ವಾಯುಪಡೆಯವರಿಗೂ ಮಾಡಿದರು. 1940ರ ದಶಕದಿಂದ 60ರ ದಶಕದ ನಡುವಿನ ತನಕ 8,000ದಿಂದ 20,000 ಸೈನಿಕರಿಗೆ ಹೀಗಾಗಿದೆ ಅಂತ ಅಂದಾಜು. ಮಕ್ಕಳಿಗೂ ಇದೇ ಚಿಕಿತ್ಸೆ ಕೊಟ್ಟಿದ್ದರು. ಮೇರಿಲ್ಯಾಂಡ್‌ನಲ್ಲಿ ಹಾಗೆ ಚಿಕಿತ್ಸೆ ಪಡೆದ ಮಕ್ಕಳನ್ನು ಮುಂದೆ ಹಿಂಬಾಲಿಸಿ ನೋಡಿದಾಗ ಮೆದುಳಿನ ಗಡ್ಡೆಗಳು ಹೆಚ್ಚಾಗಿ ಕಂಡವು.

ಸೈನ್ಯದಲ್ಲಿದ್ದ ಆ ಹುಡುಗರು ಮೂಗಿಗೆ ಕಡ್ಡಿ ಹಾಕಿದ್ದನ್ನು ಮರೆತಿರುತ್ತಾರೆ. ಐವತ್ತು ವರ್ಷ ಆದಮೇಲೆ ಊರಿನ ವೈದ್ಯರ ಮುಂದೆ ಕೂತಾಗ ಯಾರು ಹೇಳುತ್ತಾರೆ? ಯಾರು ಕೇಳುತ್ತಾರೆ? 1998ರಲ್ಲಿ ಅಮೆರಿಕ ಕಾನೂನು ಮಾಡಿತು. ಹೀಗೆ ರೇಡಿಯಂ ಹಾಕಿಸಿಕೊಂಡ ಮಾಜಿ ಸೈನಿಕರಿಗೆ ತಲೆ ಅಥವಾ ಕುತ್ತಿಗೆಯ ಕ್ಯಾನ್ಸರ್ ಬಂದರೆ ವಿಎ ಚಿಕಿತ್ಸೆ ಕೊಡಬೇಕು ಅಂತ.

ಇದಕ್ಕಿಂತ ದೊಡ್ಡ ಗುಂಪು ಅಣುಬಾಂಬ್ ಕಂಡ ಸೈನಿಕರದು. 1945ರಿಂದ 1962ರ ನಡುವೆ ಅಮೆರಿಕ ನೆವಾಡ ಮರುಭೂಮಿಯಲ್ಲಿ, ಪೆಸಿಫಿಕ್ ದ್ವೀಪಗಳಲ್ಲಿ ಬಯಲಲ್ಲೇ ಬಾಂಬ್ ಸಿಡಿಸಿ ಪರೀಕ್ಷೆ ಮಾಡಿತು. 2 ಲಕ್ಷಕ್ಕೂ ಮೀರಿ ಸೈನಿಕರು ಅಲ್ಲಿದ್ದರು. ಕಂದಕದಲ್ಲಿ ಕೂತು, ಕೈಯಿಂದ ಕಣ್ಣು ಮುಚ್ಚಿಕೊಂಡವರು, ಕಣ್ಣು ಮುಚ್ಚಿದ್ದರೂ ಕೈಯ ಮೂಳೆಗಳು ಕಂಡವು ಅಂತ ಹೇಳಿದ್ದಾರೆ. ಇದನ್ನು ಯಾರಿಗೂ ಹೇಳಬಾರದು ಅಂತ ಅವರಿಗೆ ಆಜ್ಞೆ ಇತ್ತು. ಹೆಂಡತಿಗೆ ಹೇಳುವ ಹಾಗಿಲ್ಲ, ವೈದ್ಯರಿಗೂ ಹೇಳುವ ಹಾಗಿಲ್ಲ. ಆ ಕಟ್ಟು ಸಡಿಲವಾಗಿದ್ದು 1996ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ಮಾತು ಬಾಯಲ್ಲಿಟ್ಟುಕೊಂಡೇ ಹೋಗಿಬಿಟ್ಟಿದ್ದರು. ಒಬ್ಬ ವೈದ್ಯೆಯಾಗಿ ನನಗೆ ಅತ್ಯಂತ ಸಂಕಟ ಕೊಡುವ ವಿಷಯ ಇದು. ರೋಗಿಗೆ ಕಾರಣ ಗೊತ್ತು, ಆದರೆ ಹೇಳಲು ಅಪ್ಪಣೆ ಇಲ್ಲ.

ಹೇಳಿದರೂ ತೋರಿಸಲು ಕಾಗದ ಬೇಕಲ್ಲ. ಸೇಂಟ್ ಲೂಯಿಸ್‌ನಲ್ಲಿ ಅಮೆರಿಕದ ಸೈನಿಕರ ದಾಖಲೆ ಕಚೇರಿ ಇದೆ. 1973ರ ಜುಲೈ 12ರಂದು ಅಲ್ಲಿ ಬೆಂಕಿ ಬಿತ್ತು. 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷ ಕಡತಗಳು ಸುಟ್ಟು ಹೋದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆ ಆದವರಲ್ಲಿ ನೂರಕ್ಕೆ ಎಂಬತ್ತು ಜನರ ದಾಖಲೆ ಬೂದಿ. ನಾನು ಎಲ್ಲಿದ್ದೆ, ಏನು ಮಾಡಿದೆ ಅಂತ ಆ ಮನುಷ್ಯ ಏನು ತೋರಿಸಬೇಕು ಹೇಳಿ.

ಅದಕ್ಕೇ ಕಾನೂನು ಬೇರೆ ದಾರಿ ಹಿಡಿಯಿತು. 1988ರಲ್ಲಿ ಒಂದು ಪಟ್ಟಿ ಮಾಡಿದರು. ಪರೀಕ್ಷೆಯ ಜಾಗದಲ್ಲಿ ಇದ್ದೆ ಅಂತ ತೋರಿಸಿದರೆ ಸಾಕು. ಪಟ್ಟಿಯಲ್ಲಿರುವ ಕ್ಯಾನ್ಸರ್ ಬಂದಿದ್ದರೆ ಅದು ಸೇವೆಯಿಂದಲೇ ಬಂದದ್ದು ಅಂತ ತಿಳಿಯಬೇಕು, ಸಂಶಯದ ಲಾಭ ಸೈನಿಕನಿಗೆ. ಹಿರೋಶಿಮಾ, ನಾಗಸಾಕಿಯಲ್ಲಿ ಯುದ್ಧ ಮುಗಿದ ಮೇಲೆ ಕಾವಲಿಗೆ ಹೋದವರಿಗೂ ಇದು ಸೇರುತ್ತದೆ. ಮೊದಲ ಪಟ್ಟಿಯಲ್ಲಿ ಜೊಲ್ಲು ಗ್ರಂಥಿ ಇರಲಿಲ್ಲ. 1992ರಲ್ಲಿ ಸೇರಿಸಿದರು.

ಸುಮ್ಮನೆ ಸೇರಿಸಿದ್ದಲ್ಲ. ಹಿರೋಶಿಮಾ, ನಾಗಸಾಕಿಯಲ್ಲಿ ಬದುಕುಳಿದವರನ್ನು ದಶಕಗಳ ಕಾಲ ಹಿಂಬಾಲಿಸಿದ ಲೆಕ್ಕ ಇದೆ. ಜೊಲ್ಲು ಗ್ರಂಥಿಯ ಗಡ್ಡೆ ಅಲ್ಲಿ ಜಾಸ್ತಿ ಅನ್ನುವುದು 1970ರ ದಶಕದಲ್ಲೇ ಬರಹಕ್ಕೆ ಬಂದಿತ್ತು. 1950ರಿಂದ 1987ರವರೆಗಿನ ಗಡ್ಡೆಗಳನ್ನು ಮತ್ತೆ ಸೂಕ್ಷ್ಮದರ್ಶಕದಲ್ಲಿ ನೋಡಿ 1996ರಲ್ಲಿ ಒಂದು ವರದಿ ಬಂತು. ಸೀವರ್ಟ್ ಅಂದರೆ ಮೈಗೆ ತಗುಲಿದ ವಿಕಿರಣ ಅಳೆಯುವ ಮಾನ. ಒಂದು ಸೀವರ್ಟ್‌ನಷ್ಟು ವಿಕಿರಣ ತಗುಲಿದವರಿಗೆ ಜೊಲ್ಲು ಗ್ರಂಥಿಯ ಕ್ಯಾನ್ಸರ್ ಬರುವ ಸಂಭವ ಸುಮಾರು ನಾಲ್ಕೂವರೆ ಪಟ್ಟು. ಮ್ಯೂಕೋಎಪಿಡರ್ಮಾಯ್ಡ್ ಅಂತ ಒಂದು ಬಗೆ ಇದೆ, ಅದು ಸುಮಾರು ಒಂಬತ್ತು ಪಟ್ಟು. ನಮ್ಮ ಸುಬೇದಾರರಿಗೆ ಬಂದಿದ್ದ ವಾರ್ಥಿನ್ ಗಡ್ಡೆ ಕೂಡ ಸುಮಾರು ನಾಲ್ಕು ಪಟ್ಟು.

ಒಂದು ಎಚ್ಚರದ ಮಾತು ಹೇಳಲೇಬೇಕು. ಪರೀಕ್ಷೆಗಳಲ್ಲಿ ನಿಂತ ಸೈನಿಕರಲ್ಲಿ ಹೆಚ್ಚಿನವರಿಗೆ ತಗುಲಿದ್ದು ಒಂದು ಸೀವರ್ಟ್ ಅಲ್ಲ. ಅದರ ಸಣ್ಣ ಪಾಲು, ಸರಾಸರಿ ಕೆಲವೇ ಮಿಲಿಸೀವರ್ಟ್. ಹಾಗಾಗಿ ಒಬ್ಬ ಸೈನಿಕನ ಗಡ್ಡೆಯನ್ನು ತೋರಿಸಿ ಇದು ಬಾಂಬಿನಿಂದಲೇ ಬಂತು ಅಂತ ಯಾವ ವಿಜ್ಞಾನಿಯೂ ಆಣೆ ಮಾಡಲಾರ. ಅಲ್ಲ ಅಂತಲೂ ಆಣೆ ಮಾಡಲಾರ. ಆ ಎರಡರ ನಡುವಿನ ಜಾಗದಲ್ಲಿ ಸೈನಿಕನ ಕಡೆಗೆ ವಾಲಿದ್ದು ಕಾನೂನು. ಸರಿಯಾದ ಕಡೆಗೇ ವಾಲಿದೆ ಅಂತ ನಾನು ನಂಬಿದ್ದೇನೆ.

ಇತ್ತೀಚಿನ ಕಥೆ ಇರಾಕ್, ಅಫ್ಘಾನಿಸ್ತಾನದ್ದು. ಅಲ್ಲಿನ ಸೇನಾ ನೆಲೆಗಳಲ್ಲಿ ಕಸವನ್ನು ದೊಡ್ಡ ಗುಂಡಿಗಳಲ್ಲಿ ಹಾಕಿ ವಿಮಾನದ ಇಂಧನ ಸುರಿದು ಸುಡುತ್ತಿದ್ದರು. ಪ್ಲಾಸ್ಟಿಕ್, ಬ್ಯಾಟರಿ, ಬಣ್ಣ, ಮಲ, ಎಲ್ಲ. ಹಗಲು ರಾತ್ರಿ ಆ ಹೊಗೆ. 2022ರ ಆಗಸ್ಟ್ 10ರಂದು ಪ್ಯಾಕ್ಟ್ ಕಾಯ್ದೆ ಬಂತು. ಆ ನೆಲೆಗಳಲ್ಲಿ ಇದ್ದವರಿಗೆ ತಲೆ ಮತ್ತು ಕುತ್ತಿಗೆಯ ಯಾವುದೇ ಕ್ಯಾನ್ಸರ್ ಬಂದರೂ ಸೇವೆಯಿಂದ ಬಂದದ್ದು ಅಂತ ತಿಳಿಯಲಾಗುತ್ತದೆ. ಜೊಲ್ಲು ಗ್ರಂಥಿಯೂ ಅದರಲ್ಲೇ ಬಂತು. ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದವರದು ಏಜೆಂಟ್ ಆರೆಂಜ್ ಪಟ್ಟಿ, ಅಂದರೆ ಕಾಡಿನ ಎಲೆ ಉದುರಿಸಲು ಅಲ್ಲಿ ಸಿಂಪಡಿಸಿದ ವಿಷದ ಪಟ್ಟಿ. ಅದರಲ್ಲಿ ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಇದೆ, ಜೊಲ್ಲು ಗ್ರಂಥಿ ಇಲ್ಲ. ಒಂದೇ ಗಡ್ಡೆ, ಯಾವ ಯುದ್ಧಕ್ಕೆ ಹೋಗಿದ್ದೆ ಅನ್ನುವುದರ ಮೇಲೆ ಪರಿಹಾರ.

ಬಿಸಿಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಪೆರೋಟಿಡ್ ಒಳಗೆ ಹಾಲ್ಗಂಟುಗಳು ಸಿಕ್ಕಿಕೊಂಡಿವೆ ಅಂದೆನಲ್ಲ, ನೆತ್ತಿ, ಹಣೆ, ಕಿವಿಯ ಚರ್ಮದಿಂದ ಇಳಿಯುವ ದ್ರವ ಅಲ್ಲಿಗೇ ಬರುತ್ತದೆ. ಆ ಚರ್ಮದಲ್ಲಿ ಕ್ಯಾನ್ಸರ್ ಆದರೆ ಮೊದಲು ಹರಡುವುದೂ ಅಲ್ಲಿಗೇ. ಆಸ್ಟ್ರೇಲಿಯಾದಲ್ಲಿ ಪೆರೋಟಿಡ್‌ನಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಹೀಗೆ ಚರ್ಮದಿಂದ ಬಂದವು. ಬಿಳಿ ಚರ್ಮದ ಸೈನಿಕರು ಪೆಸಿಫಿಕ್ ಬಿಸಿಲಲ್ಲಿ ವರ್ಷಗಟ್ಟಲೆ ಇದ್ದವರು ಇದನ್ನು ವಯಸ್ಸಾದ ಮೇಲೆ ಅನುಭವಿಸಿದರು. ನಮ್ಮ ಚರ್ಮದ ಬಣ್ಣ ನಮ್ಮನ್ನು ಬಹಳ ಮಟ್ಟಿಗೆ ಕಾಯುತ್ತದೆ.

ಶಸ್ತ್ರಚಿಕಿತ್ಸೆ ಅಂದರೆ ಎಲ್ಲರೂ ಕೇಳುವುದು, ಮುಖ ಸೊಟ್ಟ ಆಗುತ್ತಾ ಅಂತ. ಭಯಕ್ಕೆ ಕಾರಣ ಇದೆ. ಮುಖದ ನರ ಪೆರೋಟಿಡ್ ಗ್ರಂಥಿಯ ಮಧ್ಯದಲ್ಲೇ ಹಾದು, ಮರದ ಕೊಂಬೆಯ ಹಾಗೆ ಐದು ಕವಲಾಗುತ್ತದೆ. ಕಣ್ಣು ಮುಚ್ಚುವುದು, ನಗುವುದು, ಹುಬ್ಬು ಎತ್ತುವುದು ಎಲ್ಲ ಆ ಐದು ಕವಲುಗಳ ಕೆಲಸ. ಮೊದಲು ನರದ ಬುಡ ಹುಡುಕಿ, ಒಂದೊಂದೇ ಕವಲನ್ನು ಬಿಡಿಸಿಕೊಂಡು, ಆಮೇಲೆ ಗಡ್ಡೆಯನ್ನು ಸುತ್ತಲಿನ ಸ್ವಲ್ಪ ಗ್ರಂಥಿಯ ಸಮೇತ ತೆಗೆಯುತ್ತೇವೆ. ಸ್ವಲ್ಪ ದಿನ ತುಟಿಯ ಮೂಲೆ ಸೋತ ಹಾಗೆ ಕಾಣಬಹುದು. ನರ ಉಳಿದಿದ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆಪರೇಷನ್ ಆದ ಕೆಲವರಿಗೆ ತಿಂಗಳುಗಳ ನಂತರ ಊಟ ಮಾಡುವಾಗ ಕೆನ್ನೆ ಬೆವರುತ್ತದೆ. ಉಪ್ಪಿನಕಾಯಿ ಬಾಯಿಗಿಟ್ಟರೆ ಸಾಕು, ಕಿವಿಯ ಮುಂದೆ ಹನಿಹನಿ. ಜೊಲ್ಲು ಸುರಿಸಲು ಹೋಗಬೇಕಾದ ನರದ ಎಳೆಗಳು ದಾರಿ ತಪ್ಪಿ ಬೆವರಿನ ಗ್ರಂಥಿಗೆ ಸೇರಿಕೊಂಡಿರುತ್ತವೆ. ಇದಕ್ಕೆ ಫ್ರೇ ಸಿಂಡ್ರೋಮ್ ಅಂತ ಹೆಸರು. ಲೂಟ್ಸಿಯಾ ಫ್ರೇ ಪೋಲೆಂಡಿನ ನರರೋಗ ತಜ್ಞೆ. 1923ರಲ್ಲಿ ಅವರು ಇದನ್ನು ವಿವರಿಸಿದ್ದು ಯಾರನ್ನು ನೋಡಿ ಗೊತ್ತಾ? ಒಬ್ಬ ಸೈನಿಕನನ್ನು. ದವಡೆಯ ಹತ್ತಿರ ಗುಂಡು ತಗುಲಿ, ಗ್ರಂಥಿ ಕೀವು ಕಟ್ಟಿ ವಾಸಿಯಾದ ಹುಡುಗ. ಊಟಕ್ಕೆ ಕೂತರೆ ಕೆನ್ನೆ ಬೆವರುತ್ತದೆ ಅಂತ ಅವನು ಹೇಳಿದಾಗ ಫ್ರೇ ತಳ್ಳಿಹಾಕಲಿಲ್ಲ. ಕೂತು ಕೇಳಿದರು, ಆ ನರದ ದಾರಿಯನ್ನೇ ಬಿಡಿಸಿ ತೋರಿಸಿದರು. ಯೆಹೂದಿ ಆಗಿದ್ದ ಆಕೆ ಮುಂದೆ ಲ್ವೀವ್ ನಗರದಲ್ಲಿ ನಾಜಿಗಳ ಹಿಂಸೆಗೆ ಬಲಿಯಾದರು. ನನ್ನ ರೋಗಿಯೊಬ್ಬರು ಕೆನ್ನೆ ಒರೆಸಿಕೊಂಡಾಗಲೆಲ್ಲ ನನಗೆ ಆ ಹೆಂಗಸಿನ ನೆನಪಾಗುತ್ತದೆ.

ಮನೆಗೆ ತೆಗೆದುಕೊಂಡು ಹೋಗಬೇಕಾದ್ದು ಹೇಳುತ್ತೇನೆ. ಗಂಟು ಬೇಗ ಬೇಗ ಬೆಳೆದರೆ, ನೋವು ಬಂದರೆ, ಕಲ್ಲಿನ ಹಾಗೆ ಅಂಟಿಕೊಂಡು ಜಾರದಿದ್ದರೆ, ಕುತ್ತಿಗೆಯಲ್ಲೂ ಗಂಟು ಸಿಕ್ಕಿದರೆ, ಮುಖದ ಒಂದು ಕಡೆ ಸೋತರೆ, ಆ ವಾರವೇ ತೋರಿಸಿ. ಅಂಗುಳಿನಲ್ಲಿ ನೋವಿಲ್ಲದ ಉಬ್ಬು ಬಂದರೂ ಹಾಗೇ. ಮುಖ ಸೋತದ್ದನ್ನೆಲ್ಲ ಗಾಳಿ ಹೊಡೆದದ್ದು ಅಂತ ಎಣ್ಣೆ ನೀವಿಕೊಂಡು ಕೂರಬೇಡಿ. ಯಾವ ತೊಂದರೆಯೂ ಇಲ್ಲದ ಗಟ್ಟಿ ಗಂಟನ್ನೂ ಬಿಡಬೇಡಿ. ಪ್ಲಿಯೊಮಾರ್ಫಿಕ್ ಅಡಿನೋಮ ಅಂದೆನಲ್ಲ, ಅದು ಮೊದಲ ಐದು ವರ್ಷದಲ್ಲಿ ಕ್ಯಾನ್ಸರ್ ಆಗುವುದು ನೂರಕ್ಕೆ ಒಂದೋ ಎರಡೋ. ಹದಿನೈದು ವರ್ಷ ಬಿಟ್ಟರೆ ನೂರಕ್ಕೆ ಹತ್ತರ ಹತ್ತಿರ. ವಾರ್ಥಿನ್ ಅಂತ ಸೂಜಿಯಲ್ಲಿ ಖಚಿತವಾದರೆ, ವಯಸ್ಸಾದವರಿಗೆ ಆಪರೇಷನ್ ಮಾಡದೆ ನೋಡಿಕೊಂಡು ಇರಬಹುದು. ನಮ್ಮ ಸುಬೇದಾರರು ಎಡಗಡೆಯದನ್ನು ತೆಗೆಸಿಕೊಂಡರು. ಬಲಗಡೆಯ ಕಡಲೆಬೀಜವನ್ನು ಆರು ತಿಂಗಳಿಗೊಮ್ಮೆ ಅಳೆಯುತ್ತಿದ್ದೇವೆ.

ಮತ್ತೊಂದು. ನಿಮ್ಮಲ್ಲಿ ಇಸಿಎಚ್‌ಎಸ್, ಅಂದರೆ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡ್ ಇದೆ. 2003ರಿಂದ ಆ ಯೋಜನೆ ಇದೆ, ಒಳ್ಳೆಯದು. ಆದರೆ ಕಾರ್ಡ್‌ನಲ್ಲಿ ನೀವು ಏನು ಕೆಲಸ ಮಾಡಿದಿರಿ ಅನ್ನುವ ಕಥೆ ಇರುವುದಿಲ್ಲ. ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಯಾವ ವರ್ಷ ಎಲ್ಲಿ ಇದ್ದಿರಿ, ಯಾವ ಗಾಡಿ, ಯಾವ ಇಂಧನ, ಯಾವ ಯಂತ್ರ, ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಇತ್ತಾ, ದಿನಕ್ಕೆ ಎಷ್ಟು ಸೇದುತ್ತಿದ್ದಿರಿ, ಯಾವಾಗ ಬಿಟ್ಟಿರಿ, ಎಲ್ಲ ಬರೆದಿಡಿ. ಸೇಂಟ್ ಲೂಯಿಸ್‌ನಲ್ಲಿ ಸುಟ್ಟದ್ದು ಕಚೇರಿಯ ಕಡತ. ಮನೆಯ ಕಪಾಟಿನಲ್ಲಿ ಡೈರಿ, ಪತ್ರ ಇಟ್ಟುಕೊಂಡವರಿಗೆ ತೋರಿಸಲು ಏನೋ ಒಂದು ಇತ್ತು.

ಕೊನೆಗೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಸಿಗ್ನಲ್ಸ್‌ನಲ್ಲಿದ್ದ ಒಬ್ಬರು ಕೇಳಿದರು: ವರ್ಷಗಟ್ಟಲೆ ವೈರ್‌ಲೆಸ್ ಸೆಟ್ ಕಿವಿಗೆ ಹಿಡಿದಿದ್ದೇನೆ, ಈಗ ಮೊಬೈಲ್, ಅದರಿಂದ ಬರುತ್ತಾ? ಮೊಬೈಲ್ ಬಗ್ಗೆ 2008ರಲ್ಲಿ ಇಸ್ರೇಲ್‌ನ ಒಂದು ಅಧ್ಯಯನ, ತುಂಬಾ ಮಾತಾಡುವವರಿಗೆ ಫೋನ್ ಹಿಡಿಯುವ ಕಡೆಯ ಪೆರೋಟಿಡ್‌ನಲ್ಲಿ ಗಡ್ಡೆ ಸ್ವಲ್ಪ ಜಾಸ್ತಿ ಅಂತ ಹೇಳಿತು. ಅದಕ್ಕೂ ಮುಂಚೆ ಸ್ವೀಡನ್, ಡೆನ್ಮಾರ್ಕ್‌ನವರು ಹುಡುಕಿದಾಗ ಅಂಥ ನಂಟು ಸಿಕ್ಕಿರಲಿಲ್ಲ. ಮೊಬೈಲ್, ವೈರ್‌ಲೆಸ್‌ನ ಅಲೆಗಳು ರೇಡಿಯಂ, ಬಾಂಬಿನ ವಿಕಿರಣದ ಥರ ಅಲ್ಲ, ಜೀವಕೋಶದ ಒಳಗಿನ ಎಳೆ ಕಡಿಯುವಷ್ಟು ಶಕ್ತಿ ಇವಕ್ಕಿಲ್ಲ. ಇಯರ್‌ಫೋನ್ ಹಾಕಿಕೊಂಡು ಮಾತಾಡಿ, ನಿದ್ದೆ ಕೆಡಿಸಿಕೊಳ್ಳಬೇಡಿ. ನಿಮ್ಮ ನೋಟ್‌ಬುಕ್‌ನಲ್ಲಿ ಮಾತ್ರ ಅದನ್ನೂ ಬರೆಯಿರಿ.

ಇನ್ನೊಂದು ಪ್ರಶ್ನೆ ಹಿಂದಿನ ಸಾಲಿನಲ್ಲಿ ಕೂತಿದ್ದ ಅಮ್ಮನದು. "ನಮ್ಮ ಯಜಮಾನರಿಗೆ ಮೂರು ವರ್ಷದಿಂದ ಗಂಟಿದೆ. ಆಸ್ಪತ್ರೆಗೆ ಬನ್ನಿ ಅಂದ್ರೆ ಸಿಟ್ಟು ಮಾಡ್ಕೋತಾರೆ. ಇವತ್ತೂ ಬರಲಿಲ್ಲ. ಏನಂತ ಹೇಳಿ ಕರ್ಕೊಂಡು ಬರಲಿ?"

ಅಮ್ಮಾ, ಗಂಟಿನ ಮಾತೇ ಎತ್ತಬೇಡಿ. ಡಾಕ್ಟರಮ್ಮನಿಗೆ ನಿಮ್ಮ ಸರ್ವಿಸ್ ವಿಷಯ ಕೇಳಬೇಕಂತೆ, ಎಲ್ಲೆಲ್ಲಿ ಪೋಸ್ಟಿಂಗ್ ಇತ್ತು, ಏನು ಕೆಲಸ ಮಾಡಿದಿರಿ ಅಂತ ಬರೆದುಕೊಳ್ಳಬೇಕಂತೆ ಅಂತ ಹೇಳಿ. ಅದು ಸುಳ್ಳೂ ಅಲ್ಲ, ನಾನು ಮೊದಲು ಕೇಳುವುದು ಅದನ್ನೇ. ಗುರುವಾರ ಬೆಳಿಗ್ಗೆ ಕರ್ಕೊಂಡು ಬನ್ನಿ. ಅವತ್ತು ರೋಗಿಗಳು ಕಡಿಮೆ, ಕೂತು ಕೇಳೋಕೆ ಸಮಯ ಇರುತ್ತದೆ.